ಮದುಮಗನ ತಲೆಯ ಹಿಂದಿನ ಬುದ್ಧ

ಯುದ್ಧ ಮುಗಿದ ಏಳನೆಯ ವರ್ಷ, ಹಿಮ ಕರಗಿ ಬೀದಿಯೆಲ್ಲ ಕೆಸರಾಗಿದ್ದ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ತಕಾಓಕಾ ಪಟ್ಟಣದ ಎರಕದವರ ಬೀದಿಯಲ್ಲಿ ನಮ್ಮ ಮನೆಯ ಮುಂದೆ ಮೀನಿನ ಲಾರಿಯೊಂದು ಬಂದು ನಿಂತಿತು. ಅದರಿಂದ ಮೂವರು ಇಳಿದರು. ಮೊದಲು ಬೋಳುತಲೆಯ ಮುದಿ ಪುರೋಹಿತರು. ಅವರ ಹಿಂದೆ ಕತ್ತೇ ಇಲ್ಲದಂತೆ ಭುಜದ ಮೇಲೆ ನೇರವಾಗಿ ತಲೆ ಇಟ್ಟುಕೊಂಡಿದ್ದ ದಪ್ಪ ಮನುಷ್ಯ, ಕೈಯಲ್ಲಿ ತೋಳುದ್ದದ ಬುರಿ ಮೀನು. ಕೊನೆಗೆ, ಯಾರ ಕೈಯನ್ನೂ ಹಿಡಿಯದೆ, ಬೆನ್ನು ಬಾಗಿದ ಒಬ್ಬ ಅಜ್ಜಿ.

ನಮ್ಮ ಮನೆ ಎಂದೆನಲ್ಲ, ಅದು ಕ್ಯೋದೆನ್ ಮನೆತನದವರ ಎರಕದ ಮನೆ. ನಾನು ತೊಕುಜಿ, ಹದಿನಾಲ್ಕನೆಯ ವಯಸ್ಸಿನಿಂದ ಅಲ್ಲಿ ಉಳಿ ಮತ್ತು ಅರ ಹಿಡಿದವನು. ಎರಕದಿಂದ ಒರಟಾಗಿ ಹೊರಬಂದ ಕಂಚನ್ನು ತಿದ್ದಿ ನಯ ಮಾಡುವುದು ನನ್ನ ಕೆಲಸ. ಆಗ ಮನೆ ನಡೆಸುತ್ತಿದ್ದವರು ಇಸೊ. ವಯಸ್ಸು ನಲವತ್ತಾರು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಆಕೆಯ ಮಾವ ನಮ್ಮ ಬೀದಿಯಲ್ಲೇ ಹೆಸರಾದ ಕೈ. ಮಗನ ಕೈ ಭಾರ ಎಂದು ಮೇಣದಲ್ಲಿ ಮುಖ ಕಡೆಯುವುದನ್ನು ಸೊಸೆಗೆ ಕಲಿಸಿದ್ದರು. ಅವರ ಕೊನೆಯ ಹತ್ತು ವರ್ಷಗಳಲ್ಲಿ ಅವರ ಹೆಸರು ಹೊತ್ತು ಹೊರಹೋದ ಬುದ್ಧರ ಮುಖಗಳೆಲ್ಲ ಇಸೊ ಕಡೆದಂಥವೇ. ಬೀದಿಗೆಲ್ಲ ಇದು ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಮಾವ ಹೋದರು, ಆಮೇಲೆ ಗಂಡ ಹೋದ. ಅಲ್ಲಿಗೆ ಬುದ್ಧನನ್ನು ಮಾಡಿಕೊಡಿ ಎಂದು ಕೇಳುವವರೂ ನಿಂತುಹೋದರು. ನಾವು ಬಾಣಲೆ, ಹೂದಾನಿ, ಬಾಗಿಲಿನ ಹಿಡಿಕೆ ಮಾಡಿಕೊಂಡು ಕಾಲ ತಳ್ಳುತ್ತಿದ್ದೆವು.

ಬಂದ ಮೂವರು ಒಲೆಯ ಸುತ್ತ ಕೂತು ಚಹಾ ಕುಡಿದರು. ದಪ್ಪ ಮನುಷ್ಯನೇ ಮಾತು ತೆಗೆದ. ಅವನು ಉಶಿಮಾತ್ಸು, ಕಡಲ ದಂಡೆಯ ಶಿರಾಉರಾ ಎಂಬ ಊರಿನ ಬಲೆ ಯಜಮಾನ.

"ನಮ್ಮೂರಲ್ಲಿ ಒಬ್ಬ ಮದ್ದಿನ ಬುದ್ಧ ಇದ್ದ. ಯಾಕುಶಿ-ಸಾಮ. ಕಂಚಿಂದು. ಕೂತಿದ್ರೂ ಏಳು ವರ್ಷದ ಮಗು ನಿಂತಷ್ಟು ಎತ್ತರ. ಯುದ್ಧದಲ್ಲಿ ಕಂಚೆಲ್ಲಾ ಕೊಡಿ ಅಂದ್ರಲ್ಲ, ಆಗ ಕೊಟ್ಬಿಟ್ವಿ. ಯುದ್ಧಕ್ಕೆ ಹೋಗೋ ಸಿಪಾಯಿಗೆ ಕಟ್ತಾರಲ್ಲ, ಹಾಗೆ ಅಡ್ಡಕ್ಕೊಂದು ಕೆಂಪು ಪಟ್ಟಿ ಕಟ್ಟಿ, ಡೋಲು ಹೊಡೆದು ಕಳಿಸಿದ್ವಿ. ಈಗ ಅಂಥವನೇ ಬೇಕು."

"ಅಂಥವನೇ ಅಂದ್ರೆ?" ಎಂದರು ಇಸೊ.

"ಅವನೇ. ಅದೇ ಮುಖ."

"ಫೋಟೋ ಇದೆಯಾ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುರೋಹಿತರು, ರ್ಯೋಕಾಯ್ ಎಂದು ಅವರ ಹೆಸರು, ನಿಲುವಂಗಿಯ ತೋಳಿನೊಳಗಿಂದ ಒಂದು ಹಳೆಯ ಫೋಟೋ ತೆಗೆದು ಚಾಪೆಯ ಮೇಲಿಟ್ಟರು. ದೇವಸ್ಥಾನದ ಮುಂದೆ ತೆಗೆದ ಮದುವೆಯ ಗುಂಪು. ಹಿಂದುಗಡೆ ಬುದ್ಧನ ಎಡಗೈ ಕಾಣುತ್ತಿತ್ತು, ಅಂಗೈಯಲ್ಲಿ ಮದ್ದಿನ ಪುಟ್ಟ ಭರಣಿ. ಒಂದು ಮೊಣಕಾಲು ಕಾಣುತ್ತಿತ್ತು, ತಾವರೆ ಪೀಠದ ಎರಡು ಎಸಳು ಕಾಣುತ್ತಿದ್ದವು. ಮುಖ ಇರಬೇಕಾದ ಕಡೆ ಮದುಮಗನ ತಲೆ ಇತ್ತು.

ಇಸೊ ಫೋಟೋ ನೋಡಿದರು. ಆಮೇಲೆ ತಲೆಯೆತ್ತಿ ಉಶಿಮಾತ್ಸುವನ್ನು ನೋಡಿದರು.

"ಹೌದು, ನಾನೇ," ಎಂದ ಉಶಿಮಾತ್ಸು, ಕಿವಿ ಕೆಂಪಗೆ ಮಾಡಿಕೊಂಡು.

"ಪಕ್ಕಕ್ಕೆ ಸರೀ ಸರೀ ಅಂತ ಅವತ್ತೇ ಹೇಳ್ದೆ," ಎಂದಳು ಅಜ್ಜಿ. "ಊರಿಗೆ ಇರೋದು ಇದೊಂದೇ ಪಟ. ಇವನ ಬುರುಡೆ ನೋಡು, ಕುಂಬಳಕಾಯಿ ಇದ್ದಂಗೆ. ಭರಣಿ ಒಂದು ಬಿಟ್ಟುಕೊಟ್ಟಿದ್ದಾನಲ್ಲ, ಅದೇ ಪುಣ್ಯ."

ಅಜ್ಜಿಯ ಹೆಸರು ನುಯಿ. ಎಂಬತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಸರಿ, ಮುಖ ಹೇಗಿತ್ತು, ಬಾಯಲ್ಲಿ ಹೇಳಿ," ಎಂದರು ಇಸೊ.

"ಸಿಟ್ಟಿತ್ತು," ಎಂದ ಉಶಿಮಾತ್ಸು. "ಬಿರುಗಾಳಿ ಬರೋ ಮುಂಚೆ ನಮ್ಮಪ್ಪ ಕಡಲ ಕಡೆ ನೋಡ್ತಿದ್ನಲ್ಲ, ಹಾಗೆ."

"ಸಿಟ್ಟಾ? ನಗ್ತಿದ್ದ ಕಣೋ. ಸಿಟ್ಟು ನಿಮ್ಮಪ್ಪಂದು," ಎಂದಳು ನುಯಿ ಅಜ್ಜಿ.

"ಗುರುಗಳೇ, ನೀವು ಹೇಳಿ. ದಿನಾ ಎದುರಿಗೆ ಕೂತವರು ನೀವು," ಎಂದರು ಇಸೊ.

ರ್ಯೋಕಾಯ್ ಗುರುಗಳು ಚಹಾದ ಬಟ್ಟಲನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರು. "ನಲವತ್ತು ವರ್ಷ ಕೂತಿದ್ದೆ, ನಿಜ," ಎಂದರು. "ಆದ್ರೆ ನೋಡಿ ಇಸೊ-ಸಾನ್, ನಾನು ಯಾವಾಗ್ಲೂ ಕಣ್ಣು ಮುಚ್ಕೊಂಡೇ ಮಂತ್ರ ಹೇಳ್ತಿದ್ದೆ."

ಇಸೊ ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಆ ಮನೆಯಲ್ಲಿ ನಗು ಕೇಳಿ ನನಗೆ ಎಷ್ಟೋ ದಿನವಾಗಿತ್ತು.

"ನಿಜ ಹೇಳ್ಬಿಡ್ತೀನಿ," ಎಂದ ಉಶಿಮಾತ್ಸು. "ಈ ಬೀದೀಲಿ ಆರು ಮನೆ ಕೇಳಿದ್ವಿ. ಮುಖ ಇಲ್ದೆ ಆಗಲ್ಲ ಅಂದ್ರು. ನಿಮ್ಮದು ಏಳನೇದು. ಎಂಟನೇ ಮನೆ ಇಲ್ಲವೇ ಇಲ್ಲ."

"ಹೆಂಗಸು ಮಾಡಿದ ಬುದ್ಧ ಆದೀತಾ?" ಎಂದರು ಇಸೊ.

"ಅದು ಗಂಡಸರನ್ನ ಕೇಳ್ಬೇಡ," ಎಂದಳು ನುಯಿ ಅಜ್ಜಿ. "ಅವನನ್ನ ಅರವತ್ತು ವರ್ಷ ಒರೆಸಿದ್ದು ನಾನು. ನನಗೆ ಆಗುತ್ತೆ."

ಇಸೊ ಒಪ್ಪಿಕೊಂಡರು. ಬುರಿ ಮೀನನ್ನು ಅಂದೇ ಮೂಲಂಗಿ ಹಾಕಿ ಬೇಯಿಸಿದೆವು.

ಏಪ್ರಿಲ್‌ನಲ್ಲಿ ಇಸೊ ಒಂದು ವಾರ ಶಿರಾಉರಾದಲ್ಲಿ ಹೋಗಿ ಉಳಿದರು. ಮಣ್ಣಿನ ಚೀಲ ಹೊರಲು ನಾನೂ ಜೊತೆಗೆ ಹೋಗಿದ್ದೆ. ಆಕೆಯ ಬಗಲಿನಲ್ಲಿ ಮಾವನ ಹಳೆಯ ಚಿತ್ರದ ಪುಸ್ತಕವಿತ್ತು. ಅದರಲ್ಲಿ ಬೇರೆ ಬೇರೆ ಕಾಲದ, ಬೇರೆ ಬೇರೆ ನಾಡಿನ ಬುದ್ಧರ ಮುಖಗಳನ್ನು ಅವರು ಕುಂಚದಲ್ಲಿ ಬರೆದಿಟ್ಟಿದ್ದರು. ಕೊರಿಯಾದಿಂದ ಮೊದಲು ಬಂದವರದು ಉದ್ದ ಮುಖ, ಬಾದಾಮಿಯಂಥ ಕಣ್ಣು, ತುಟಿಯ ಅಂಚಿನಲ್ಲಿ ಎಳೆಯ ಚಂದ್ರನಂಥ ನಗೆ. ಚೀನಾದ ತಾಂಗ್ ಕಾಲದ ಕೈ ತಗುಲಿದವರಿಗೆ ತುಂಬಿದ ಕೆನ್ನೆ, ಮೈಗಂಟಿದ ಒದ್ದೆ ಬಟ್ಟೆಯಂಥ ಮಡಿಕೆ. ನಮ್ಮ ಹಳೆಯ ರಾಜಧಾನಿಯವರದು ಹುಣ್ಣಿಮೆಯಂಥ ದುಂಡು ಮುಖ, ಅರೆಮುಚ್ಚಿದ ಕಣ್ಣು. ಕತ್ತಿ ಹಿಡಿದವರು ಆಳಿದ ಕಾಲದವರದು ಬಿಗಿದ ದವಡೆ, ಈಗಲೋ ಆಗಲೋ ಎದ್ದು ನಿಲ್ಲುವಂಥ ಮೈಕಟ್ಟು.

ಊರವರನ್ನು ಬಲೆ ಒಣಗಿಸುವ ಚಪ್ಪರದಲ್ಲಿ ಕೂರಿಸಿ, ಇಸೊ ಒಂದೊಂದೇ ಹಾಳೆ ತಿರುವಿದರು. ಒಬ್ಬ ಮೊದಲನೆಯದೇ ಸರಿ ಎಂದ. ಅವನ ತಮ್ಮ ಕೊನೆಯದು ಎಂದ. ಒಬ್ಬ ಹೆಂಗಸು ದುಂಡು ಮುಖ ತೋರಿಸಿ, "ಇದು ನಮ್ಮತ್ತೆ," ಎಂದಳು. ಚಪ್ಪರದಲ್ಲಿದ್ದವರೆಲ್ಲ ನಕ್ಕರು, ಮೂಲೆಯಲ್ಲಿ ಕೂತಿದ್ದ ಅತ್ತೆ ಎಲ್ಲರಿಗಿಂತ ಜೋರಾಗಿ.

"ಕೊರಿಯಾದ್ದೇ ಇರಬೇಕು," ಎಂದ ಉಶಿಮಾತ್ಸು. "ನಮ್ಮ ಮನೆತನದ ಹಿರಿಯನ ಬಲೇಲಿ ಸಿಕ್ಕಿದ್ದು ಅವನು. ಆಚೆ ದಡದಿಂದ ತೇಲ್ಕೊಂಡು ಬಂದ."

"ಕಂಚು ತೇಲುತ್ತಾ?" ಎಂದೆ ನಾನು.

"ಬುದ್ಧ ಆದ್ರೆ ತೇಲುತ್ತೆ."

ಬಲಗೈಯ ವಿಷಯಕ್ಕೂ ಜಗಳವಾಯಿತು. ಅಭಯ ಹಸ್ತ ಎಂಬುದರಲ್ಲಿ ಅನುಮಾನವಿರಲಿಲ್ಲ. ಅಂಗೈ ಹೊರಗೆ ತೋರಿಸಿ, ಹೆದರಬೇಡ ಎನ್ನುವಂತೆ ಎತ್ತಿದ ಕೈ. ಆದರೆ ಬೆರಳುಗಳೆಲ್ಲ ನೆಟ್ಟಗಿದ್ದವು ಎಂದರು ಗಂಡಸರು. ನುಯಿ ಅಜ್ಜಿ ಮಾತ್ರ ಉಂಗುರದ ಬೆರಳು ತುಸು ಮುಂದಕ್ಕೆ ಬಾಗಿತ್ತು ಎಂದಳು.

"ಮದ್ದು ಕಲಸೋ ಬೆರಳಲ್ವಾ ಅದು," ಎಂದಳು. "ಇವರಿಗೇನು ಗೊತ್ತು, ಮದ್ದು ಕುಡಿಯೋಕೆ ಬಾಯಿ ಒಂದು ತೆಗೀತಾರೆ. ಆ ಬೆರಳ ಹಿಂದೆ ಧೂಳು ಕೂರ್ತಿತ್ತು. ಒರೆಸೋಕೆ ಬಟ್ಟೆ ತಿರುಚಿ ಒಳಗೆ ತೂರಿಸ್ಬೇಕಿತ್ತು."

ಇಸೊ ಥಟ್ಟನೆ ಪುಸ್ತಕ ಮುಚ್ಚಿದರು. "ಅಜ್ಜಿ, ನೀವು ಅವನನ್ನ ಹೇಗೆ ಒರೆಸ್ತಿದ್ರಿ?"

"ಹೇಗೆ ಅಂದ್ರೆ? ತಿಂಗಳಿಗೆ ಎರಡು ಸಲ, ಎಂಟನೇ ತಾರೀಕು, ಹನ್ನೆರಡನೇ ತಾರೀಕು. ಮೊದಲು ತಲೆ, ಆಮೇಲೆ ಮುಖ."

ಇಸೊ ಒಂದು ದೊಡ್ಡ ಮುದ್ದೆ ಹಸಿಮಣ್ಣು ತಂದು ಅಜ್ಜಿಯ ಮುಂದಿಟ್ಟರು. "ಬಾಯಲ್ಲಿ ಹೇಳ್ಬೇಡಿ. ಒರೆಸಿ."

ಅಜ್ಜಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಕಣ್ಣು ಮುಚ್ಚಿಕೊಂಡು ಎರಡೂ ಕೈಯನ್ನು ಮಣ್ಣಿನ ಮೇಲಿಟ್ಟಳು. ಹೆಬ್ಬೆರಳುಗಳು ಹಣೆಯಿಂದ ಕೆಳಗಿಳಿದವು, ಕಣ್ಣಿನ ಗುಳಿಯಲ್ಲಿ ಒಂದು ಗಳಿಗೆ ನಿಂತವು, ಕೆನ್ನೆಯ ಮೇಲೆ ಜಾರಿ ಗದ್ದದ ಕೆಳಗೆ ಕೂಡಿದವು. ಮತ್ತೆ ಮೇಲಕ್ಕೆ ಹೋದವು. ಅದೇ ದಾರಿ. ಮತ್ತೆ ಮತ್ತೆ ಅದೇ ದಾರಿ. ಮಣ್ಣಿನಿಂದ ಒಂದು ಮುಖ ಮೆಲ್ಲಗೆ ಹೊರಗೆ ಬರುತ್ತಿತ್ತು. ಹಣೆ ಅಗಲ, ಗದ್ದ ಪುಟ್ಟದು, ಮೂಗು ಅಷ್ಟಕ್ಕಷ್ಟೇ. ಕಣ್ಣುಗಳು ಸಮನಾಗಿರಲಿಲ್ಲ, ಎಡಗಣ್ಣು ಅರೆ ಬೆರಳಷ್ಟು ಕೆಳಗಿತ್ತು. ವಯಸ್ಸಾದ ಕೈ, ಅಲ್ಲಿ ನಡುಗಿರಬೇಕು ಎಂದುಕೊಂಡೆ. ಇಸೊ ಕೂಡ ಹಾಗೇ ಅಂದುಕೊಂಡರಂತೆ.

"ನಗ್ತಿದ್ದಾನಾ?" ಎಂದು ಕೇಳಿದಳು ಅಜ್ಜಿ, ಕಣ್ಣು ಮುಚ್ಚಿಕೊಂಡೇ.

"ನಗೋಕೆ ಶುರು ಮಾಡ್ತಿದ್ದಾನೆ," ಎಂದರು ಇಸೊ.

"ಹಾಂ. ಹಾಗೇ ಇದ್ದ."

ಆ ಮಣ್ಣಿನ ಮುಖವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಇಸೊ ತಕಾಓಕಾಕ್ಕೆ ಮರಳಿದರು. ಮೇ ತಿಂಗಳಿಡೀ ಮಣ್ಣಿನ ಒಡಲ ಮೇಲೆ ಮೇಣ ಹಚ್ಚಿ ಕಡೆದರು. ಜೇನುಮೇಣಕ್ಕೆ ಪೈನ್ ಮರದ ಅಂಟು ಬೆರೆಸಿದ್ದು ಅದು; ಬೆಳಗಿನ ಚಳಿಗೆ ಗಟ್ಟಿಯಾಗುತ್ತದೆ, ಮಧ್ಯಾಹ್ನಕ್ಕೆ ಮಾತು ಕೇಳುತ್ತದೆ. ತಲೆಯ ಮೇಲಿನ ಜ್ಞಾನದ ಉಬ್ಬು, ಬಸವನಹುಳುವಿನಂಥ ಒಂದೊಂದು ಗುಂಗುರು, ಹುಬ್ಬಿನ ನಡುವಿನ ಬೊಟ್ಟು, ಕತ್ತಿನ ಮೂರು ಗೆರೆ, ಎಲ್ಲರ ದೂರೂ ಕೇಳಿಸಿಕೊಂಡು ಉದ್ದವಾದ ಕಿವಿ, ಎಲ್ಲವನ್ನೂ ಮಾವ ಕಲಿಸಿದ ಅಳತೆಯಲ್ಲೇ ಮಾಡಿದರು. ಮುಖಕ್ಕೆ ಮಾತ್ರ ಅಳತೆಯ ಕಡ್ಡಿ ಮುಟ್ಟಲಿಲ್ಲ. ಅಜ್ಜಿಯ ಮಣ್ಣನ್ನು ಎದುರಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದಲೇ ಮಾಡಿದರು. ಎಡಗಣ್ಣನ್ನು ಮಾತ್ರ ಬಲಗಣ್ಣಿನ ಸಮಕ್ಕೆ ಎತ್ತಿದರು.

ಬೀದಿಯವರು ಒಬ್ಬೊಬ್ಬರೇ ಏನೋ ನೆಪ ಮಾಡಿಕೊಂಡು ಬಂದು ನೋಡಿ ಹೋದರು. ಎದುರು ಮನೆಯ ಮುದುಕ, ಬುದ್ಧನ ಮುಖಕ್ಕೆ ಗಂಡಸಿನ ಕೈಯೇ ಬೇಕು ಎನ್ನುತ್ತಿದ್ದವನು, ಅರ್ಧ ಗಂಟೆ ನಿಂತಿದ್ದ. "ನಿಮ್ಮ ಮಾವ ಇದ್ದಿದ್ರೆ..." ಎಂದು ತಡೆದ.

"ಇದ್ದಿದ್ರೆ?" ಎಂದರು ಇಸೊ, ಮೇಣದಿಂದ ಕಣ್ಣೆತ್ತದೆ.

"ತನ್ನ ಹೆಸರು ಹಾಕ್ಕೋತಿದ್ದ," ಎಂದು ಹೇಳಿ ಹೋದ.

ಜೂನ್‌ನಲ್ಲಿ ಶಿರಾಉರಾದವರು ಕಂಚು ತಂದರು. ಲಾರಿ ತುಂಬ ಏನೇನು ಇತ್ತೆಂದು ಹೇಳಿ ಮುಗಿಯದು. ಅಜ್ಜಿಯರ ಕಾಲದ ದುಂಡು ಕನ್ನಡಿಗಳು, ಜಡೆಗೆ ಚುಚ್ಚುವ ಕಡ್ಡಿಗಳು, ದೀಪದ ಕಾಲು, ಒಡೆದ ಜಾಗಟೆ, ಬೆಂಕಿ ಆರಿಸುವ ದಳದವನ ತುತ್ತೂರಿ. ಉಶಿಮಾತ್ಸು ತನ್ನ ಹಳೆಯ ದೋಣಿಯ ಪಂಖವನ್ನೇ ಬಿಚ್ಚಿ ತಂದಿದ್ದ.

"ಇದರಲ್ಲಿ ಸತು ಜಾಸ್ತಿ," ಎಂದೆ ನಾನು. "ಒಂದು ಎಲೆ ಸಾಕು."

"ಪೂರ್ತಿ ಹಾಕಪ್ಪ. ಈ ಪಂಖ ನನ್ನನ್ನ ಮೂವತ್ತು ಸಲ ಬಿರುಗಾಳಿಯಿಂದ ಮನೆಗೆ ತಂದಿದೆ."

"ಪೂರ್ತಿ ಹಾಕಿದ್ರೆ ಬುದ್ಧ ನೀರಿಗೆ ಬಿದ್ದು ಈಜ್ತಾನೆ," ಎಂದರು ಇಸೊ. ಒಂದು ಎಲೆ ಹಾಕಿದೆವು. ಮಿಕ್ಕಿದ್ದನ್ನು ಅವನು ಸಪ್ಪೆ ಮೋರೆ ಮಾಡಿಕೊಂಡು ವಾಪಸ್ ಒಯ್ದ.

ಮೇಣದ ಮೇಲೆ ಮಣ್ಣು ಮೆತ್ತಿ, ಸುಟ್ಟು, ಮೇಣ ಕರಗಿ ಹರಿದುಹೋಗಿ ಅಚ್ಚು ಖಾಲಿಯಾದ ಮೇಲೆ, ಜುಲೈ ತಿಂಗಳ ಒಂದು ಬೆಳಗಿನ ಜಾವ ಎರಕ ಹೊಯ್ದೆವು. ಶಿರಾಉರಾದ ಅರ್ಧ ಊರು ಅಂಗಳದಲ್ಲಿ ನಿಂತಿತ್ತು. ಗುರುಗಳು ಮಂತ್ರ ಹೇಳುತ್ತಿದ್ದರು, ಈ ಸಲ ಕಣ್ಣು ಬಿಟ್ಟುಕೊಂಡು. ಇಸೊ ಸುಟ್ಟ ಕಲೆಗಳಿದ್ದ ಮಾವನ ಅಂಗಿ ತೊಟ್ಟು ಕಂಚು ಕರಗಿಸುವ ಮೂಸೆಯ ಮುಂದೆ ನಿಂತಿದ್ದರು. ಕರಗಿದ ಕಂಚಿನ ಬಣ್ಣ ನೋಡಿ, ಇನ್ನೊಂದು ಚೂರು, ಇನ್ನೊಂದು ಚೂರು ಎಂದು ಕಾಯಿಸಿ, ಕೊನೆಗೆ "ಈಗ" ಎಂದರು. ನಾವು ನಾಲ್ವರು ಮೂಸೆ ಎತ್ತಿ ಬಗ್ಗಿಸಿದೆವು. ಕಂಚು ಅಚ್ಚಿನೊಳಗೆ ಇಳಿಯುವಾಗ ಒಂದು ಸದ್ದು ಬರುತ್ತದೆ, ಹಸಿದವನು ಗಂಜಿ ಕುಡಿಯುವ ಸದ್ದಿನಂತೆ. ಅದು ನಡುವೆ ನಿಲ್ಲಬಾರದು. ಇಸೊ ತಲೆ ವಾರೆ ಮಾಡಿ ಆ ಸದ್ದನ್ನೇ ಕೇಳುತ್ತಿದ್ದರು. ಅಚ್ಚಿನ ಉಸಿರಿನ ತೂತುಗಳಲ್ಲಿ ಕಂಚು ಮೇಲೆ ಉಕ್ಕಿ ಬಂದಾಗ ಆಕೆ ಹಿಂದಕ್ಕೆ ಸರಿದು, ಅಂಗಳದ ಮಣ್ಣಿನ ಮೇಲೆ ಹಾಗೇ ಕೂತುಬಿಟ್ಟರು.

"ಆಯ್ತಾ?" ಎಂದು ಕೇಳಿದಳು ನುಯಿ ಅಜ್ಜಿ.

"ಹೊಟ್ಟೆ ತುಂಬ ಕುಡಿದ," ಎಂದರು ಇಸೊ.

ಮೂರು ದಿನ ಬಿಟ್ಟು ಅಚ್ಚು ಒಡೆದೆವು. ಬೆರಳ ತುದಿಯವರೆಗೂ ಕಂಚು ಹರಿದಿತ್ತು. ನಾನು ಎರಡು ತಿಂಗಳು ಉಳಿ, ಅರ ಹಿಡಿದು ಕೆಲಸ ಮಾಡಿದೆ. ಆಮೇಲೆ ಮೂಲಂಗಿ ತುರಿದ ರಸದಲ್ಲಿ ಮೈ ತೊಳೆದು, ನಮ್ಮ ಅಜ್ಜಿಯರು ಹಲ್ಲು ಕಪ್ಪು ಮಾಡಿಕೊಳ್ಳುತ್ತಿದ್ದ ಕಬ್ಬಿಣದ ನೀರು ಬಳಿದು, ಹೊಗೆ ಕೊಟ್ಟು, ಹುರಿದ ಹುರುಳಿಯಂಥ ಬಣ್ಣ ಕಟ್ಟಿದೆವು. ಅಕ್ಟೋಬರ್ ಎಂಟಕ್ಕೆ ಕಣ್ಣು ತೆರೆಸುವ ಹಬ್ಬ ಎಂದು ನಿಶ್ಚಯವಾಯಿತು.

ಹಬ್ಬಕ್ಕೆ ಹತ್ತು ದಿನ ಇದ್ದಾಗ ಉಶಿಮಾತ್ಸು ಒಬ್ಬನೇ ಬಂದ. ಕೈಯಲ್ಲಿ ಮೀನಿರಲಿಲ್ಲ. ಒಳಗೆ ಬರದೆ ಹೊಸ್ತಿಲಲ್ಲೇ ನಿಂತ.

"ಇಸೊ-ಸಾನ್, ಹಳೇದು ಸಿಕ್ಕಿದೆ," ಎಂದ.

ಒಳಸಮುದ್ರದ ಯಾವುದೋ ದ್ವೀಪದಲ್ಲಿ, ಕರಗಿಸಲೆಂದು ಒಯ್ದು ಯುದ್ಧ ಮುಗಿದು ಹಾಗೇ ಬಿಟ್ಟ ಗಂಟೆಗಳ ರಾಶಿಯ ಅಡಿಯಲ್ಲಿ ಒಂದು ಬುದ್ಧನ ವಿಗ್ರಹ ಸಿಕ್ಕಿತ್ತಂತೆ. ಪೀಠದ ಅಡಿಯಲ್ಲಿ ಶಿರಾಉರಾ ಎಂದು ಊರಿನ ಹೆಸರಿತ್ತಂತೆ. ರೈಲಿನಲ್ಲಿ ಬರುತ್ತಿದೆ ಎಂದು ಕಾಗದ ಬಂದಿತ್ತು.

"ಒಳ್ಳೇದಾಯ್ತಲ್ಲ," ಎಂದರು ಇಸೊ. ಚಹಾ ಮಾಡಿಕೊಟ್ಟರು, ನಗುನಗುತ್ತಲೇ ಕಳಿಸಿದರು. ಅವನು ಹೋದ ಮೇಲೆ ಹೊಸ ಬುದ್ಧನ ಮುಂದೆ ಬಹಳ ಹೊತ್ತು ನಿಂತರು.

"ತೊಕುಜಿ, ಎಷ್ಟು ಬಾಣಲೆ ಆಗಬಹುದು ಇದರಲ್ಲಿ?"

"ಅಕ್ಕಾವ್ರೆ, ಹಾಗೆಲ್ಲ ಅನ್ಬೇಡಿ."

"ಯಾಕೆ, ಬಾಣಲೇಲೂ ಊಟ ಆಗುತ್ತೆ," ಎಂದರು. ಆದರೆ ಆ ಹತ್ತು ದಿನ ಆಕೆ ಸರಿಯಾಗಿ ಊಟ ಮಾಡಲಿಲ್ಲ.

ಏಳನೆಯ ತಾರೀಕು ನಾವು ಹೊಸ ಬುದ್ಧನನ್ನು ಲಾರಿಗೆ ಹಾಕಿ ಶಿರಾಉರಾಕ್ಕೆ ಹೋದೆವು. ಮಾತು ಕೊಟ್ಟಿದ್ದೇವೆ, ತಲುಪಿಸುವುದು ತಲುಪಿಸೋಣ ಎಂದಿದ್ದರು ಇಸೊ. ದೇವಸ್ಥಾನದ ಅಂಗಳದಲ್ಲಿ ಹುಲ್ಲಿನ ಚಾಪೆ ಸುತ್ತಿದ ಹಳೆಯದು ಆಗಲೇ ಬಂದು ಕೂತಿತ್ತು. ಇಡೀ ಊರು ಸುತ್ತ ನಿಂತಿತ್ತು. ಅಂದು ಗಾಳಿಯಿಲ್ಲದ ಬಿಸಿಲು. ಕಡಲಿನಾಚೆ ತಾತೆಯಾಮಾದ ಸಾಲು ಬೆಟ್ಟಗಳು ಕೈಗೆಟುಕುವಂತಿದ್ದವು. ಗುರುಗಳು ಹಗ್ಗ ಬಿಚ್ಚಿದರು.

ಎಲ್ಲರೂ ಕತ್ತು ಚಾಚಿ ನೋಡಿದರು.

"ಇವನು ಯಾರು?" ಎಂದ ಕೊನೆಗೆ ಉಶಿಮಾತ್ಸು.

ಸಿಟ್ಟಿನ ಮುಖವಲ್ಲ ಅದು. ಕೊರಿಯಾದ ಚಂದ್ರನಗೆಯೂ ಅಲ್ಲ. ಪುಸ್ತಕದ ಯಾವ ಹಾಳೆಯಲ್ಲೂ ಇಲ್ಲದ ಮುಖ. ಕಿವಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಬಟ್ಟೆಯ ಮಡಿಕೆಗಳು ಮಡಿಕೆಗಳಂತಿರದೆ ಬಲೆಯ ಹಗ್ಗದ ಸುರುಳಿಗಳಂತಿದ್ದವು. ಎಡಗಣ್ಣು ಅರೆ ಬೆರಳಷ್ಟು ಕೆಳಗಿತ್ತು.

ಇಸೊ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು.

ನುಯಿ ಅಜ್ಜಿ ಗುಂಪನ್ನು ತಳ್ಳಿಕೊಂಡು ಮುಂದೆ ಬಂದಳು. ಎರಡೂ ಕೈಯಿಂದ ಆ ಮುಖ ಹಿಡಿದುಕೊಂಡಳು. ಹೆಬ್ಬೆರಳುಗಳು ಹಣೆಯಿಂದ ಇಳಿದು, ಕಣ್ಣಲ್ಲಿ ನಿಂತು, ಕೆನ್ನೆ ಸವರಿ ಗದ್ದಕ್ಕೆ ಬಂದವು. "ಎಲ್ಲಿಗೆ ಹೋಗಿದ್ಯೋ, ಮೈಯೆಲ್ಲಾ ಕೊಳೆ ಮಾಡ್ಕೊಂಡು ಬಂದಿದೀಯ," ಎಂದಳು.

"ಅಜ್ಜಿ," ಎಂದರು ಇಸೊ, ಪಕ್ಕದಲ್ಲಿ ಮಂಡಿಯೂರಿ. "ಎಡಗಣ್ಣು ಕೆಳಗಿದೆ."

"ಇದೆ. ನಾನು ಹಾಗೇ ತಾನೇ ಮಾಡಿಕೊಟ್ಟಿದ್ದು?"

"ನಿಮ್ಮ ಕೈ ನಡುಗಿರಬೇಕು ಅಂತ ನಾನು ತಿದ್ದಿಬಿಟ್ಟೆ."

ಅಜ್ಜಿ ಬಿದ್ದು ಬಿದ್ದು ನಗತೊಡಗಿದಳು. "ನನ್ನ ಕೈ ನಡುಗುತ್ತಾ? ಈ ಹುಡುಗಿ ನೋಡ್ರೋ, ನನ್ನ ಕೈ ನಡುಗುತ್ತೆ ಅಂತಾಳೆ," ಎಂದು ಆ ಕೈಯನ್ನು ಎಲ್ಲರ ಮುಂದೆ ಚಾಚಿ ತೋರಿಸಿದಳು. ಅದು ಮರದ ಕೊರಡಿನಂತೆ ನಿಶ್ಚಲವಾಗಿತ್ತು. ಇಸೊ ಕೂಡ ನಕ್ಕರು. ನಗುತ್ತ ನಗುತ್ತ ಕಣ್ಣೀರು ಬಂತು, ಒರೆಸಿಕೊಳ್ಳಲೂ ಹೋಗಲಿಲ್ಲ.

ಆರು ಜನ ಸೇರಿ ಹಳೆಯ ಬುದ್ಧನನ್ನು ಚಾಪೆಯ ಮೇಲೆ ಮಲಗಿಸಿದರು. ಪೀಠದ ಅಡಿಯ ಬರಹ ಎಲ್ಲರಿಗೂ ಕಾಣಬೇಕಿತ್ತು. ಅದು ಇಷ್ಟು ವರ್ಷ ಕಲ್ಲಿನ ಕಟ್ಟೆಗೆ ಅಂಟಿಕೊಂಡಿತ್ತು. ಯುದ್ಧಕ್ಕೆಂದು ಕಿತ್ತು ಒಯ್ಯದೆ ಇದ್ದಿದ್ದರೆ ಇನ್ನೂ ನೂರಾರು ವರ್ಷ ಯಾರೂ ಓದುತ್ತಿರಲಿಲ್ಲ. ಒಯ್ಯುವ ದಿನವೂ ಅಡಿಯಲ್ಲಿ ಸುಣ್ಣ ಮೆತ್ತಿಕೊಂಡೇ ಇತ್ತು. ಗುರುಗಳು ಬಗ್ಗಿ, ಧೂಳು ಊದಿ, ಗಟ್ಟಿಯಾಗಿ ಓದಿದರು. ಇನ್ನೂರೆಪ್ಪತ್ತು ವರ್ಷದ ಹಿಂದಿನ ತಾರೀಕು. ಆಮೇಲೆ ಹೀಗಿತ್ತು: "ಶಿರಾಉರಾದ ಯೊಹೆಇ, ಪಾತ್ರೆಗಳಿಗೆ ಬೆಸುಗೆ ಹಾಕುವವನು. ಹೆಂಡತಿಯ ಕಣ್ಣು ಮತ್ತೆ ಕಂಡದ್ದಕ್ಕೆ ಇದನ್ನು ಎರಕ ಹೊಯ್ದೆ. ಬುದ್ಧನನ್ನು ಮಾಡಿದ್ದು ಇದೇ ಮೊದಲು. ತಪ್ಪಿದ್ದರೆ ಮನ್ನಿಸಬೇಕು."

"ಬಲೇಲಿ ಸಿಕ್ಕಿದ್ದಲ್ವಾ?" ಎಂದ ಉಶಿಮಾತ್ಸು.

"ನಿಮ್ಮ ಹಿರಿಯರ ಬಲೇಲಿ ಸಿಕ್ಕಿದ್ದು ಮೀನೇ ಇರಬೇಕು," ಎಂದರು ಗುರುಗಳು.

"ಕೊರಿಯಾ?"

"ಕೆಳಗಿನ ಕೇರಿ."

ಊರು ನಗುವಿನಲ್ಲಿ ಮುಳುಗಿತು. ಉಶಿಮಾತ್ಸು ಮೊದಲು ಮೋರೆ ಊದಿಸಿಕೊಂಡ, ಆಮೇಲೆ ಅವನ ಹೊಟ್ಟೆಯೂ ಕುಲುಕತೊಡಗಿತು. ನಾನು ಮಾತ್ರ ಆ ಎಡಗಣ್ಣನ್ನೇ ನೋಡುತ್ತಿದ್ದೆ. ಮೂವತ್ತು ವರ್ಷ ಬುದ್ಧರ ಕಣ್ಣು ತಿದ್ದಿದವನು ನಾನು. ಅದು ಕೈತಪ್ಪಿ ಆದದ್ದಲ್ಲ ಎನಿಸಿತು. ರೆಪ್ಪೆಯ ಗೆರೆ ಅಷ್ಟು ಎಚ್ಚರದಿಂದ ಎಳೆದಿತ್ತು. ಆ ಹೆಂಡತಿಯ ಕಣ್ಣು ವಾಸಿಯಾದಾಗ ಹಾಗೆ ಇದ್ದಿರಬೇಕು. ಇಸೊಗೆ ಹೇಳಿದೆ. ಆಕೆ ತಲೆಯಾಡಿಸಿದರು.

"ಅವನು ಕಂಡಿದ್ದನ್ನ ಮಾಡಿದ. ನಾನು ಮಾವ ಹೇಳಿಕೊಟ್ಟಿದ್ದನ್ನ ಮಾಡ್ದೆ," ಎಂದರು.

ಅಷ್ಟರಲ್ಲಿ ಯಾರೋ ಹೊಸ ಬುದ್ಧನ ಚಾಪೆಯನ್ನೂ ಬಿಚ್ಚಿಬಿಟ್ಟಿದ್ದರು. ಜನ ಅತ್ತ ತಿರುಗಿದರು. ಬಿಸಿಲು ನೇರ ಮುಖದ ಮೇಲೆ ಬಿದ್ದಿತ್ತು. ಅಗಲ ಹಣೆ, ಪುಟ್ಟ ಗದ್ದ, ನಗಲು ಶುರುಮಾಡುತ್ತಿದ್ದ ತುಟಿ. ಜನ ಒಂದೊಂದೇ ಹೆಜ್ಜೆ ಮುಂದೆ ಬಂದರು.

"ಇವನೇ," ಎಂದಳು ಹಿಂದಿನಿಂದ ಒಬ್ಬಳು. "ನನಗೆ ನೆನಪಿದ್ದೋನು ಇವನೇ."

"ನನಗೂ."

"ಈಗ ಏನ್ ಮಾಡೋದು?" ಎಂದ ಉಶಿಮಾತ್ಸು. "ಕಟ್ಟೆ ಇರೋದು ಒಂದೇ."

ಇಸೊ ಎದ್ದು ನಿಂತು ಬಗ್ಗಿ ನಮಸ್ಕಾರ ಮಾಡಿದರು. "ಹಳಬರು ಅವರ ಜಾಗದಲ್ಲಿ ಕೂರಲಿ. ನನ್ನದನ್ನ ನಾನು ವಾಪಸ್ ತಗೊಂಡು ಹೋಗ್ತೀನಿ. ನನಗೇನೂ ಬೇಜಾರಿಲ್ಲ."

"ವಾಪಸ್ಸಾ?" ಎಂದರು ರ್ಯೋಕಾಯ್ ಗುರುಗಳು. ಅವರು ದನಿಯೆತ್ತಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಏನಮ್ಮ ನೀವು ಹೇಳೋದು. ಮದ್ದಿನ ಬುದ್ಧರು ಒಟ್ಟು ಏಳು ಜನ ಅಂತ ಸೂತ್ರದಲ್ಲೇ ಇದೆ. ಈ ಊರಿಗೆ ಇಬ್ಬರು ಬಂದಿದ್ದಾರೆ, ಇನ್ನೂ ಐವರು ಬರಬೇಕು. ಇರೋವರನ್ನ ಕಳಿಸೋದು ಹೇಗೆ?"

ಉಶಿಮಾತ್ಸು ತಲೆಯ ಮೇಲೆ ಕೈಯಿಟ್ಟುಕೊಂಡ. "ಗುರುಗಳೇ, ಅದನ್ನ ಇಷ್ಟು ಗಟ್ಟಿಯಾಗಿ ಹೇಳ್ಬೇಡಿ. ಹೆಂಗಸರ ಕಿವಿಗೆ ಬಿದ್ರೆ ಏಳೂ ಬೇಕು ಅಂತಾರೆ."

"ಬಿತ್ತು," ಎಂದಳು ಅವನ ಹೆಂಡತಿ, ಪಕ್ಕದಲ್ಲೇ ನಿಂತಿದ್ದವಳು.

ಮಧ್ಯಾಹ್ನವೇ ಗಂಡಸರು ಕಲ್ಲು ಹೊತ್ತು ತಂದು ಕಟ್ಟೆಯನ್ನು ಅಗಲ ಮಾಡಿದರು. ಮರುದಿನ ಹಬ್ಬ. ದೊಡ್ಡ ಹಂಡೆಯಲ್ಲಿ ಮೀನಿನ ಉಂಡೆಯ ಸಾರು ಕುದಿಯುತ್ತಿತ್ತು, ಒಂದು ಕಡೆ ಅಕ್ಕಿ ಕಡುಬು ಕುಟ್ಟುತ್ತಿದ್ದರು, ಬೆಳಿಗ್ಗೆಯೇ ಅಕ್ಕಿಯ ಮದ್ಯ ಸಾಕೆಯ ಪೀಪಾಯಿ ತೆರೆದಿತ್ತು. ಇಬ್ಬರು ಬುದ್ಧರೂ ಕಡಲಿಗೆ ಮುಖ ಮಾಡಿ ಅಕ್ಕಪಕ್ಕ ಕೂತಿದ್ದರು, ಇಬ್ಬರ ಉಂಗುರದ ಬೆರಳೂ ಒಂದೇ ಬಗೆಯಲ್ಲಿ ಮುಂದಕ್ಕೆ ಬಾಗಿತ್ತು. ಕಣ್ಣು ತೆರೆಸಲು ಕುಂಚ ಎತ್ತಿಕೊಂಡ ಗುರುಗಳು ತಡೆದರು.

"ಈ ಹೊಸಬರ ಮೈಮೇಲೆ ಮಾಡಿದವರ ಹೆಸರಿಲ್ಲವಲ್ಲ?"

"ಕ್ಯೋದೆನ್ ಮನೆ ಅಂತ ಹಾಕಿದ್ರೆ ಆಯ್ತು," ಎಂದರು ಇಸೊ. "ಯಾವಾಗ್ಲೂ ಹಾಗೇ ಹಾಕೋದು."

"ಮುಖ ಕಡೆದಿದ್ದು ಮನೇನಾ?" ಎಂದಳು ನುಯಿ ಅಜ್ಜಿ. "ಮನೆಗೆ ಕೈ ಇದೆಯಾ?"

ಇಸೊ ನನ್ನ ಕಡೆ ನೋಡಿದರು. ನಾನು ಆಗಲೇ ಉಳಿ ತೆಗೆದಿದ್ದೆ.

ಅಡಿಯಲ್ಲಿ ಬೇಡ, ಯಾರಿಗೂ ಕಾಣುವುದಿಲ್ಲ ಎಂದು ಊರವರು ಹಟ ಹಿಡಿದರು. ಪೀಠದ ಹಿಂಬದಿಯ ತಾವರೆ ಎಸಳಿನ ಕೆಳಗೆ ಜಾಗ ನೋಡಿದೆ. ಇಡೀ ಊರು ನನ್ನ ಬೆನ್ನ ಮೇಲೆ ಬಗ್ಗಿತ್ತು. ದೊಡ್ಡ ಕೆತ್ತನೆ ಆಗುತ್ತದೆಂದು ಉಶಿಮಾತ್ಸು ಎಲ್ಲರ ಬಟ್ಟಲಿಗೂ ಸಾಕೆ ತುಂಬಿಸಿ, ತಾನೂ ಒಂದು ಹಿಡಿದು ಆರಾಮಾಗಿ ಕೂತ. ನಮ್ಮ ಅಕ್ಷರದಲ್ಲಿ ಇಸೊ ಎಂದು ಬರೆಯಲು ನಾಲ್ಕೇ ಗೆರೆ ಸಾಕು. ನಾಲ್ಕು ಏಟು ಹೊಡೆದು, ಚೂರು ಊದಿ, ಎದ್ದು ನಿಂತೆ.

"ಮುಗೀತಾ?" ಎಂದ ಉಶಿಮಾತ್ಸು. ಅವನ ಬಟ್ಟಲು ಇನ್ನೂ ತುಟಿ ಮುಟ್ಟಿರಲಿಲ್ಲ.

ಇಸೊ ಹಿಂದೆ ಹೋಗಿ ಆ ನಾಲ್ಕು ಗೆರೆ ನೋಡಿದರು. ಬೆರಳಿನಿಂದ ಒಮ್ಮೆ ಸವರಿದರು. ಆಮೇಲೆ ಬಂದು ಉಶಿಮಾತ್ಸುವಿನ ಕೈಯಿಂದ ಬಟ್ಟಲು ತೆಗೆದುಕೊಂಡು, ಒಂದೇ ಗುಟುಕಿಗೆ ಕುಡಿದು, ಖಾಲಿ ಬಟ್ಟಲನ್ನು ಮತ್ತೆ ಅವನ ಮುಂದೆ ಚಾಚಿದರು.